ರಿಯಾಯಿತಿ ಊಟದಲ್ಲಿ ಒತ್ತಾಯ ಸೇರಿಲ್ಲ

ರಿಯಾಯಿತಿ ಎಂಬ ಮಾತು ಕಿವಿಗೆ ಬಿದ್ದರೆ ಬೇರೆಯವರಿಗೆ ಹುರುಪು ಬರುತ್ತದಂತೆ. ನನಗೆ ಎದೆ ಡವಡವ ಎನ್ನುತ್ತದೆ. ಅದನ್ನು ಬಿಡುವ ಶಕ್ತಿ ನನಗಿಲ್ಲ, ತಗೊಂಡರೆ ದಕ್ಕುವುದೂ ಇಲ್ಲ. ರಿಯಾಯಿತಿಯಲ್ಲಿ ಕೊಂಡ ಅಂಗಿ ಮೊದಲ ಒಗೆತಕ್ಕೇ ಮಗನ ಅಳತೆಗೆ ಬಂತು. ರಿಯಾಯಿತಿಯ ಕೊಡೆ ಮಳೆಯಲ್ಲಿ ಬಿಚ್ಚಿಕೊಳ್ಳುವುದಿಲ್ಲ, ಬಿಸಿಲಲ್ಲಿ ಮಾತ್ರ ಬಿಚ್ಚುತ್ತದೆ. ಕಲಬುರಗಿಯಲ್ಲಿ ಅದೂ ಉಪಕಾರವೇ ಎಂದು ಸಮಾಧಾನ ಮಾಡಿಕೊಂಡಿದ್ದೇನೆ. ಆದರೆ ಊಟದ ರಿಯಾಯಿತಿಯಿಂದ ಉಣ್ಣುವವನಿಗೆ ಲಾಭವುಂಟೇ ಎಂದು ಯಾರಾದರೂ ಕೇಳಿದರೆ ನಾನು ಥಟ್ಟನೆ ಉತ್ತರಿಸಲಾರೆ. ಅದಕ್ಕೆ ಅಕ್ಕನ ಸುದ್ದಿ ತೆಗೆಯಬೇಕಾಗುತ್ತದೆ. ಅದನ್ನು ತೆಗೆದ ದಿನ ನನಗೆ ಊಟವೇ ಸೇರುವುದಿಲ್ಲ.

ಅಕ್ಕನನ್ನು ಕೊಟ್ಟದ್ದು ಕಮಲಾಪುರಕ್ಕೆ. ಭಾವ ಸಿದ್ರಾಮಪ್ಪನವರು ಕೆಂಪು ಬಾಳೆಯ ತೋಟದವರು. ಒಳ್ಳೆಯ ಮನುಷ್ಯ, ಆದರೆ ಉಪಚಾರದ ವಿಷಯದಲ್ಲಿ ಬಲು ಬಿಗಿ. ನಮ್ಮ ಕಡೆ ಊಟಕ್ಕೊಂದು ಕಾನೂನಿದೆ. ಬಡಿಸಲು ಬಂದಾಗ ಉಣ್ಣುವವನು ‘ಸಾಕು’ ಎನ್ನಬೇಕು, ತಾಟಿನ ಮೇಲೆ ಅಂಗೈ ಅಡ್ಡ ಹಿಡಿಯಬೇಕು, ಆದರೆ ಬೆರಳುಗಳ ನಡುವೆ ಸಂದು ಬಿಟ್ಟಿರಬೇಕು. ಬಡಿಸುವವನು ‘ಸಾಕು’ ಎಂಬುದನ್ನು ಕೇಳಿಸಿಕೊಳ್ಳದೆ ಆ ಸಂದನ್ನು ನೋಡಿ ಹಾಕಬೇಕು. ಕಲಬುರಗಿಯ ಅಂಚಿನ ಕುಸನೂರಿನಲ್ಲಿ ಮನೆ ಕಟ್ಟಿಸಿದಾಗ ಗೃಹಪ್ರವೇಶಕ್ಕೆ ನಾನು ಬಫೆ ಇಡಿಸಿದೆ. ಭಾವ ಶಾಮಿಯಾನದ ಕೆಳಗೆ ಕುರ್ಚಿಯಲ್ಲಿ ಕೂತು, ಯಾರಾದರೂ ಬಂದು ‘ಊಟಕ್ಕ ಏಳ್ರಿ’ ಎನ್ನುತ್ತಾರೆಂದು ಕಾದರು. ಬಫೆಯಲ್ಲಿ ಯಾರು ಯಾರನ್ನು ಎಬ್ಬಿಸುತ್ತಾರೆ? ಹಸಿದುಕೊಂಡೇ ಊರಿಗೆ ಹೋದರು. ಅಂದಿನಿಂದ ನಮ್ಮ ಮನೆಯಲ್ಲಿ ನೀರೂ ಮುಟ್ಟುವುದಿಲ್ಲ ಎಂದು ಶಪಥ. ಭಾವ ನೀರು ಮುಟ್ಟದ ಮನೆಗೆ ಅಕ್ಕನೂ ಬರಲಿಲ್ಲ. ಅಪ್ಪ, ಅವ್ವ ಹೋದ ಮೇಲೆ ಆಕೆಗೆ ತವರೆಂದರೆ ನಾನೊಬ್ಬನೆ. ಹೋದ ವರ್ಷ ನಾಗರ ಪಂಚಮಿಗೆ ತವರಿಗೆ ಬಂದ ಓಣಿಯ ಹೆಣ್ಣುಮಕ್ಕಳೆಲ್ಲ ಜೋಕಾಲಿ ಆಡುತ್ತಿದ್ದರೆ ನಾನು ಒಳಗೆ ಕೂತು ಟಿವಿ ನೋಡಿದೆ. ಏನು ನೋಡಿದೆನೋ ನೆನಪಿಲ್ಲ.

ಈ ವರ್ಷ ಶ್ರಾವಣಕ್ಕೆ ಮುಂಚೆ ಸೇಡಂ ರಸ್ತೆಯ ಕೆಲವು ಹೋಟೆಲುಗಳು ಕೂಡಿ ‘ರೆಸ್ಟೊರೆಂಟ್ ವೀಕ್’ ಎಂದು ಸಾರಿದವು. ಮೊದಲೇ ಟೇಬಲ್ ಹಿಡಿದರೆ ದೊಡ್ಡ ಹೋಟೆಲಿನ ಊಟ ಅರ್ಧ ದರಕ್ಕೆ. ನನಗೆ ಎಂದೂ ಹೊಳೆಯದ ಬುದ್ಧಿ ಹೊಳೆಯಿತು. ಶಪಥ ಇರುವುದು ನನ್ನ ಮನೆಯ ಮೇಲೆ, ಹೋಟೆಲಿನ ಮೇಲಲ್ಲ. ಅಲ್ಲಿ ಉಣಿಸಿ ಮುನಿಸು ಮುರಿದರೆ ಪಂಚಮಿಗೆ ಅಕ್ಕ ಬಂದೇ ಬರುತ್ತಾಳೆ. ಹೆಂಡತಿ ಸುವರ್ಣಾ, “ಸಿಟ್ಟಾದವ್ರಿಗಿ ಅಗ್ಗದ ಊಟ ಹಾಕಿ ರಮಿಸ್ತೀರೇನ್ರಿ? ಊರಿಗಿ ಹೋಗಿ ನಾಕು ಸಲ ಕರೀರಿ, ಬರ್ತಾರ” ಎಂದಳು. ಅಷ್ಟರಲ್ಲಿ ನಾನು ಟೇಬಲ್ ಹಿಡಿದಾಗಿತ್ತು.

ಕರೆದ ದಿನ ಶರಣಬಸವೇಶ್ವರರ ದರ್ಶನ ಮುಗಿಸಿಕೊಂಡು ಅಕ್ಕ, ಭಾವ ಇಬ್ಬರೂ ಹೋಟೆಲಿಗೆ ಬಂದರು. ಭಾವನ ಕೈಯಲ್ಲಿ ಕೆಂಪು ಬಾಳೆಹಣ್ಣಿನ ಚೀಲ. ಬಾಗಿಲಲ್ಲಿದ್ದ ವಾಚ್‌ಮನ್, “ಹೊರಗಿನ ತಿನ್ನೋ ಸಾಮಾನು ಒಳಗ ಬಿಡಂಗಿಲ್ರಿ ಸಾಹೇಬ್ರ” ಎಂದ. ಭಾವ ಚೀಲ ಅವನ ಕೈಗೇ ಕೊಟ್ಟು, “ಹಂಗಾದ್ರ ನೀವೇ ತಗೋರಿ” ಎಂದರು. ಅವನು ಬ್ಯಾಡ್ರಿ ಎಂದ, ಇವರು ತಗೋರಿ ಎಂದರು, ಅವನು ಮತ್ತೆ ಬ್ಯಾಡ್ರಿ ಎಂದ, ಕೊನೆಗೆ ತಗೊಂಡ. ಭಾವನ ಮುಖ ಅರಳಿತು. ಆ ಹೋಟೆಲಿನಲ್ಲಿ ಅವರ ಮುಖ ಅರಳಿದ್ದು ಅದೊಂದೇ ಸಲ.

ಮೊದಲು ಸೂಪು ಬಂತು. ಭಾವ ಅದನ್ನು ಸಾರೆಂದು ತಿಳಿದು ಅನ್ನಕ್ಕಾಗಿ ಕಾದರು. ಅನ್ನ ಬರುವ ಮೊದಲು ಟೈ ಕಟ್ಟಿದ ವೇಟರ್ ಬಂದು, ಮುಟ್ಟದ ಬಟ್ಟಲನ್ನು ಬಲು ವಿನಯದಿಂದ ಎತ್ತಿಕೊಂಡು ಹೋದ. ಆಮೇಲೆ ಪಲ್ಯ ಹಿಡಿದು ಬಂದು “ಹಾಕಲೇ ಸರ್?” ಎಂದ. ಭಾವ ಕಾನೂನಿನ ಪ್ರಕಾರ “ಸಾಕ್ರಿ” ಎಂದರು, ಅಂಗೈ ಅಡ್ಡ ಹಿಡಿದರು, ಬೆರಳ ನಡುವೆ ಧಾರಾಳ ಸಂದು ಬಿಟ್ಟರು. “ಓಕೆ ಸರ್” ಎಂದು ಅವನು ಪಕ್ಕದ ಟೇಬಲ್ಲಿಗೆ ಹೋದ. ಭಾವನ ಕೈ ತಾಟಿನ ಮೇಲೆ ಹಾಗೇ ಉಳಿಯಿತು.

ಒತ್ತಾಯ ಮಾಡಬೇಕಾದವನು ನಾನು. ನಾಲಿಗೆಯ ತುದಿಗೆ ಮಾತು ಬಂದಿತ್ತು. ಆದರೆ ಆ ಅರ್ಧ ದರದ ಊಟದಲ್ಲಿ ಒಂದು ಟೇಬಲ್ಲಿಗೆ ಎರಡನೆಯ ಸಲ ಬಡಿಸಲು ಬರುವುದಿಲ್ಲ ಎಂದು ಹೋಟೆಲಿನವರು ಮೊದಲೇ ಹೇಳಿದ್ದರು. ನಾನು ಒತ್ತಾಯ ಮಾಡಿ, ಭಾವ ಒಪ್ಪಿ, ಪಲ್ಯ ಬರದೆ ಹೋದರೆ ಏನು ಗತಿ? “ತಗೋರಿ ಭಾವಾ” ಎಂದು ಒಂದು ಸಲ ಗೊಣಗಿ, ಅವರು ಬ್ಯಾಡ ಎಂದದ್ದೇ ಸುಮ್ಮನಾದೆ. ಸಿಹಿಯ ಗತಿಯೂ ಅದೇ ಆಯಿತು. ಅಷ್ಟರಲ್ಲಿ ಮುಂದಿನ ಗಿರಾಕಿಗಳು ಬಂದು ನಮ್ಮ ಕುರ್ಚಿಗಳ ಹಿಂದೆಯೇ ನಿಂತರು. ಹೊರಗೆ ಬಂದಾಗ ಅಕ್ಕ ಮೆಲ್ಲಗೆ, “ತಮ್ಮಾ, ಇವ್ರು ಏನೂ ಉಂಡಿಲ್ಲೋ” ಎಂದಳು. ನಾನು ಆಟೋ ಹುಡುಕುವವನಂತೆ ರಸ್ತೆ ನೋಡುತ್ತ ನಿಂತೆ.

ಲಾಭದ ಮಾತಿಗೆ ಬರುತ್ತೇನೆ. ಆ ಊಟ ಕೆಟ್ಟದ್ದಲ್ಲ, ರುಚಿಯಾಗಿಯೇ ಇತ್ತು. ಒಬ್ಬನೇ ಹೋಗುವವನಿಗೆ, ಅವಸರದವನಿಗೆ, ಯಾರ ಮೇಲೂ ಪ್ರೀತಿ ಇಲ್ಲದವನಿಗೆ ಅದು ಧಾರಾಳ ಲಾಭ. ‘ಇನ್ನೊಂದು’ ಎನ್ನುವ ಮಾತನ್ನು ಕಳೆದು ಉಳಿದ ಊಟವನ್ನು ಅವರು ಅರ್ಧ ದರಕ್ಕೆ ಕೊಡುತ್ತಾರೆ, ಅಷ್ಟೆ. ನಮ್ಮ ಕಡೆ ಆ ಮಾತು ಕಳೆದರೆ ಊಟದಲ್ಲಿ ಉಳಿಯುವುದು ಬರೀ ಕಾಳುಕಡಿ.

ಇಷ್ಟು ಜ್ಞಾನೋದಯ ಆದ ಮೇಲೆ, ಪಂಚಮಿಗೆ ಕರೆಯಲು ನಾನೇ ಕಮಲಾಪುರಕ್ಕೆ ಹೋದೆ. ಭಾವ ತೋಟದಲ್ಲಿದ್ದರು. ಅಕ್ಕ ಬಿಸಿ ರೊಟ್ಟಿ, ಪುಂಡಿಪಲ್ಯ ಹಾಕಿದಳು. ನಾನು ಸಾಕೆಂದಾಗಲೆಲ್ಲ ಮತ್ತೊಂದು ರೊಟ್ಟಿ ಬಿತ್ತು. ಕೈ ತೊಳೆದು, “ಅಕ್ಕಾ, ಪಂಚಮಿಗಿ ಬಾ” ಎಂದೆ. ಆಕೆ ಸೆರಗಿನ ಅಂಚು ಮಡಚುತ್ತ, “ಈ ಸಲ ಬ್ಯಾಡ ಬಿಡಪಾ” ಎಂದಳು. ನನಗೆ ದುಃಖ ಉಕ್ಕಿತು. ಕಣ್ಣಲ್ಲಿ ನೀರು ಬರುವ ಮೊದಲು ಎದ್ದುಬಿಡಬೇಕೆಂದು, “ಆಯ್ತಕ್ಕಾ” ಎಂದು ಬಸ್ಸು ಹತ್ತಿದೆ.

ಮನೆಗೆ ಬಂದು ಸುವರ್ಣಾಗೆ ಹೇಳಿದೆ: “ಬರಂಗಿಲ್ಲ ಅಂದ್ಳು.”

“ಎಷ್ಟು ಸಲ ಅಂದ್ರು?”

“ಒಂದ್ ಸಲ.”

“ಮತ್ತ ಎರಡನೇ ಸಲ ಯಾರು ಕರೀಬೇಕಿತ್ರಿ, ಆ ಟೈ ಕಟ್ಟಿದ ವೇಟರಾ?”

ಕೂಡಲೇ ಅಕ್ಕನಿಗೆ ಫೋನ್ ಮಾಡಿದೆ. ಎತ್ತಿದವರು ಭಾವ. ಅಕ್ಕನನ್ನು ಪಂಚಮಿಗೆ ಕಳಿಸಿರೆಂದು ಬೇಡಿಕೊಂಡೆ. “ನೀವು ಕರೀಲಾಕ ಬರ್ತೀರಿ ಅಂತ ನಿನ್ನೇನೇ ಸೀರಿ ತುಂಬಿ ಚೀಲ ಕಟ್ಟಿದ್ಳು” ಎಂದರು ಅವರು. “ಈಗ ಬಿಚ್ಚಿ ಇಟ್ಟಾಳ. ಇನ್ನ ಬ್ಯಾಡ ಬಿಡ್ರಿ.”

ಇದು ಬೆರಳ ಸಂದು ಬಿಟ್ಟ ‘ಬ್ಯಾಡ’ವೋ, ಸಂದು ಮುಚ್ಚಿದ್ದೋ ಫೋನಿನಲ್ಲಿ ಹೇಗೆ ಕಾಣಬೇಕು? ಇನ್ನೊಮ್ಮೆ ಕರೆಯಬೇಕೆಂದು ಬಾಯಿ ತೆರೆದೆ. ಬಂದ ಮಾತು, “ಆಯ್ತು ಭಾವಾ.”