ಬೇಕಾದಾಗ ಬರುವ ಉಸುಕು

ಬುದ್ಧಿವಂತರನ್ನು ದೂರದಿಂದ ಗೌರವಿಸುವುದು ಸುಲಭ. ಅವರು ನಮ್ಮ ಮನೆ ಕಟ್ಟಿಸಲು ಬಂದರೆ ದೇವರೇ ಗತಿ. ನನ್ನ ಹೆಂಡತಿಯ ತವರು ಹುಕ್ಕೇರಿ, ಅವಳ ತಮ್ಮ ಪುಣೆಯಲ್ಲಿ ಎಂಜಿನಿಯರ್. ನಾವು ಮೂಡಲಗಿಯಲ್ಲಿ ಮನೆ ಕಟ್ಟಿಸುತ್ತಿದ್ದಾಗ ‘ಲೀನ್’ ಎಂಬ ಹೊಸ ತರಬೇತಿ ಮುಗಿಸಿಕೊಂಡು ರಜೆಗೆ ಬಂದಿಳಿದ. ಲೀನ್ ಎಂದರೆ ತೆಳ್ಳಗೆ ಅಂತೆ. ಅವನ ಹೊಟ್ಟೆಗೆ ಮಾತ್ರ ಆ ತರಬೇತಿ ಇನ್ನೂ ತಲುಪಿರಲಿಲ್ಲ.

ಮನೆಯ ಮುಂದಿನ ಉಸುಕಿನ ಗುಡ್ಡೆ ನೋಡಿ ಮೂಗು ಮುರಿದ. “ಮಾಮಾ, ಸಾಮಾನು ಕೂಡಿಹಾಕೂದು ವೇಸ್ಟ್ ರೀ. ಬೇಕಾದಾಗ, ಬೇಕಾದಷ್ಟ ಬರಬೇಕು.” ಆ ಗುಡ್ಡೆ ಗೋಡೆಗಳಿಗೇ ಮುಗಿಯಿತು, ಸ್ಲ್ಯಾಬಿಗೆಂದು ಮತ್ತೆ ತರಿಸಲು ಅವನು ಬಿಡಲಿಲ್ಲ. ನಾನೂ ಸಾಲಿ ಮಾಸ್ತರ, ಕಲಿತದ್ದನ್ನು ಕಲಿಸದೆ ಇರಲಾರೆ. ಮಹಡಿ ಕಟ್ಟಿಸಲು ಓಣಿಯಲ್ಲಿ ಉಸುಕು ಹಾಕಿಸಿಕೊಂಡಿದ್ದ ಪಕ್ಕದ ಮನೆಯ ಚೌಗಲಾ ಕಾಕಾನಿಗೆ, “ಇದು ಹಳೇ ಪದ್ಧತಿರಿ ಕಾಕಾ” ಎಂದು ಉಪದೇಶ ಮಾಡಿ ಬಂದೆ. ಕಾಕಾ “ಹೌದೇನ್ರಿ ಮಾಸ್ತರ?” ಎಂದರು.

ಸ್ಲ್ಯಾಬ್ ಹಾಕುವ ದಿನ ಮೊದಲ ಟ್ರ್ಯಾಕ್ಟರ್ ಉಸುಕು ಹೊತ್ತು ಸರಿಯಾದ ಹೊತ್ತಿಗೆ ಬಂತು. ಪುಣೆಯ ಪಂಡಿತ ಗಡಿಯಾರ ನೋಡಿ ಮೀಸೆ ತಿರುವಿದ. ಎರಡನೆಯದು ಬರಲೇ ಇಲ್ಲ. ಅಂದೇ ಸಕ್ಕರೆ ಕಾರ್ಖಾನೆಯ ಹಂಗಾಮು ಶುರುವಾಗಿ, ಊರಿನ ಟ್ರ್ಯಾಕ್ಟರುಗಳೆಲ್ಲ ಕಬ್ಬಿನ ಬೆನ್ನು ಹತ್ತಿದ್ದವು. ಕಬ್ಬಿನ ನಾಡಿನಲ್ಲಿ ಹುಟ್ಟಿಯೂ ಅವನಿಗೆ ಇದು ಹೊಳೆಯಲಿಲ್ಲ. ನನಗೂ ಹೊಳೆಯಲಿಲ್ಲ ಎಂಬುದನ್ನು ಇಲ್ಲಿ ದೊಡ್ಡದು ಮಾಡಬೇಕಾಗಿಲ್ಲ. ಅವನು ಮೊಬೈಲಿನಲ್ಲಿ ಕೂಗಾಡಿದರೆ ಡ್ರೈವರ್ ತಣ್ಣಗೆ, “ಕಬ್ಬು ಇಳಿಸಿ ಬರತೇನ್ರಿ ಸಾಹೇಬ್ರ. ಫ್ಯಾಕ್ಟರಿ ಮುಂದ ಪಾಳಿ ಭಾಳ ಉದ್ದ ಐತಿ” ಎಂದ.

ಅರ್ಧ ಸ್ಲ್ಯಾಬ್ ಆಗಿತ್ತು. “ಈಗ ನಿಂತ್ರ ಹಳೇದು ಹೊಸದು ಕೂಡೋ ಜೋಡಿನಾಗ ಜೀವನಪೂರ್ತಿ ಸೋರತೈತ್ರಿ!” ಎಂದು ಗೌಂಡಿ ಮಲ್ಲಪ್ಪ ಮೇಲಿನಿಂದ ಒದರಿದ. ಹೆಂಡತಿ ಸೆರಗು ಸಿಕ್ಕಿಸಿ ಪಕ್ಕದ ಮನೆಗೆ ನಡೆದಳು. ಅವಳ ಹಿಂದೆಯೇ ಕಾಕಾ ಬಂದರು.

“ತೊಗೊಳ್ರಿ ಮಾಸ್ತರ. ಹಳೇ ಪದ್ಧತಿ ಉಸುಕ ಐತಿ, ನಡೀತೈತೇನು?”

ಅವಮಾನ ನುಂಗಿಕೊಂಡು ತಲೆಯಾಡಿಸಿದೆ. ಸಂಜೆಯೊಳಗೆ ಸ್ಲ್ಯಾಬ್ ಮುಗಿಯಿತು.

ನಾಚಿಕೆಯೆಂಬುದೇ ಇಲ್ಲದ ನಮ್ಮ ಎಂಜಿನಿಯರು ಚಹಾ ಕುಡಿಯುತ್ತ ಮತ್ತೆ ಶುರು ಹಚ್ಚಿಕೊಂಡ: “ಇವತ್ತಿನ ಕೆಲಸದಾಗ ವೇಸ್ಟ್ ಏನಿತ್ತು, ಅದನ್ನ ಹುಡಕಿ ತಗೀಬೇಕು.” ಅವನದೇ ಹೆಸರು ಬರುತ್ತದೆಂದು ನಾನು ಖುಷಿಯಿಂದ ಕಾದೆ.

ಹೆಂಡತಿ ನನ್ನ ಕಡೆ ನೋಡಿದಳು. “ತಮ್ಮಾ, ಬೆಳಿಗ್ಗಿಂದ ಛತ್ರಿ ಹಿಡಕೊಂಡು ಬುಟ್ಟಿ ಹೊರಾವ್ರಿಗೆ ಅಡ್ಡ ನಿಂತವರು ಇವರೊಬ್ಬರ ನೋಡು.”

ಮಲ್ಲಪ್ಪನೂ ಹೂಂಗುಟ್ಟಿದ. “ನೀವು ಮನ್ಯಾಗ ಇರ್ರಿ ಮಾಮಾ, ಬೇಕಾದಾಗ ಕರೀತೇವಿ” ಎಂದು ಮೈದುನ ಮಹಾಶಯರು ತೀರ್ಪು ಕೊಟ್ಟರು. ಗೃಹಪ್ರವೇಶದವರೆಗೂ ಆ ಕರೆ ಬರಲಿಲ್ಲ.