ಗೌರಿಯ ತೇಗು, ಮಾವನ ಲೆಕ್ಕ

ಅತ್ತೆಯ ಮೊದಲ ಮಾಸಿಕ ಮುಗಿಸಿ, ಜಯನಗರದ ಮಾವನ ಮನೆಯ ನಡುಮನೆಯಲ್ಲಿ ಕೂತಿದ್ದೆವು: ನಾನು, ಅಮ್ಮ, ಅಮ್ಮನ ಅಣ್ಣ, ಅಂದರೆ ಅತ್ತೆಯ ಗಂಡ, ನನ್ನ ಸೋದರಮಾವ. ಈ ಮಾವನ ಬಗ್ಗೆ ಒಂದು ವಿಷಯ ಮೊದಲೇ ಹೇಳಿಬಿಡುತ್ತೇನೆ. ಹೆಂಡತಿಯ ಮುಖಕ್ಕಿಂತ ಹಸುವಿನ ಬಾಯನ್ನೇ ಹೆಚ್ಚು ನೋಡಿದ ಗಂಡಸು ಇಡೀ ಜಯನಗರದಲ್ಲಿ ಇವರೊಬ್ಬರೇ!

ಮಾವ ದನಗಳ ಹೊಟ್ಟೆಯ ವಿಜ್ಞಾನಿ. ಹಸು ಮೆಲುಕು ಹಾಕುತ್ತಾ ತೇಗುತ್ತದಲ್ಲ, ಆ ತೇಗಿನಲ್ಲಿ ಮೀಥೇನ್ ಅನ್ನೋ ಗ್ಯಾಸ್ ಇರುತ್ತದಂತೆ, ಭೂಮಿ ಬಿಸಿಯೇರೋದಕ್ಕೆ ಅದೂ ಒಂದು ಕಾರಣವಂತೆ. ಹೊಟ್ಟೆಯೊಳಗೆ ಯಾವ ಸೂಕ್ಷ್ಮಜೀವಿ ಎಷ್ಟಿವೆ ಅಂತ ತಿಳಿದರೆ ಹಸು ಎಷ್ಟು ಗ್ಯಾಸ್ ಬಿಡುತ್ತೆ ಅಂತ ಮೊದಲೇ ಹೇಳಬಹುದು ಅನ್ನೋದು ಮಾವನ ಹಟ. ರಿಟೈರಾದ ಮೇಲೂ ಬಿಟ್ಟರೇ? ತಿಲಕ್ ನಗರದ ಹಾಲಿನವರ ಹಸುವೊಂದು ದಿನಾ ಬೆಳಿಗ್ಗೆ ಮಾವನ ಬೀದಿಗೆ ಬರ್ತಿತ್ತು. ಅತ್ತೆ ಅದಕ್ಕೆ ಗೌರಿ ಅಂತ ಹೆಸರಿಟ್ಟಿದ್ದರು. ಮೆಲುಕಿನ ಜೊತೆ ಹೊಟ್ಟೆಯ ಜೀವಿಗಳು ಬಾಯಿಗೂ ಬರುತ್ತವಂತೆ. ಅದಕ್ಕೇ ಮಾವ ಅದರ ಬಾಯಿಗೆ ಹತ್ತಿಕಡ್ಡಿ ಹಾಕಿ, ಜೊಲ್ಲು ತೆಗೆದು, ಫ್ರಿಜ್ಜಿನಲ್ಲಿ ದೋಸೆಹಿಟ್ಟಿನ ಪಕ್ಕ ಇಡೋರು! ಆಮೇಲೆ ಹಳೇ ಶಿಷ್ಯೆಯೊಬ್ಬಳ ಲ್ಯಾಬಿಗೆ ಕಳಿಸೋರು. ಲೆಕ್ಕ ತಾಳೆಯಾಯಿತೋ ನೋಡಲು ಗೌರಿಯ ಮೂಗಿನ ಮುಂದೆ ಗ್ಯಾಸ್ ಅಳೆಯೋ ಮೀಟರ್ ಹಿಡಿದು ನಿಲ್ಲೋರು. ಜ್ವರ ನೋಡ್ತಿದಾರೆ ಅಂದುಕೊಂಡು ಪಕ್ಕದ ಮನೆಯಾಕೆ, "ಅಂಕಲ್, ನಮ್ಮ ನಾಯೀನೂ ಸ್ವಲ್ಪ ನೋಡ್ತೀರಾ?" ಅಂದಿದ್ದೂ ಉಂಟು!

ಲೆಕ್ಕ ಮಾತ್ರ ಒಂದು ಸಲವೂ ಸರಿಬರಲಿಲ್ಲ. ಯಾಕೆ ಗೊತ್ತಾ? ಅತ್ತೆ! ಮಾವ ಸ್ನಾನಕ್ಕೆ ಹೋದರೋ ಇಲ್ಲವೋ, ಗೌರಿಗೆ ಬಾಳೆಹಣ್ಣಿನ ಸಿಪ್ಪೆ, ಕುಂಬಳದ ತಿರುಳು, ಹಬ್ಬದ ದಿನ ಹೋಳಿಗೆ ಬೇರೆ.

"ತಿನ್ನೋದು ಬದಲಾದ್ರೆ ಒಳಗಿರೋ ಜೀವಿಗಳೂ ಬದಲಾಗ್ತವೆ ಕಣೇ! ನನ್ನ ಲೆಕ್ಕ ಹಾಳು!"

"ನಿಮ್ಮ ಲೆಕ್ಕಕ್ಕೆ ಅದು ಉಪವಾಸ ಬೀಳ್ಬೇಕೇನ್ರೀ? ನಿಮಗೂ ದಿನಕ್ಕೊಂದು ತಿಂಡಿ ಮಾಡಿ ಹಾಕ್ತೀನಿ, ನಿಮ್ಮ ತೇಗು ಯಾರಾದ್ರೂ ಅಳೆದ್ರಾ?"

"ಒಂದೇ ಒಂದು ತಿಂಗಳು ಕೈಕಟ್ಟಿ ಕೂತ್ಕೊಳ್ಳೇ."

"ನಾನು ಹೋದ್ಮೇಲೆ ನೋಡ್ಕೊಳ್ಳಿ."

ಆಗ ಎಲ್ಲರೂ ನಕ್ಕಿದ್ದೆವು. ಮಾವನೂ.

ಅತ್ತೆ ಹೋದ ಮೇಲೂ ಗೌರಿ ಬಂದು ಗೇಟಿನ ಮೇಲೆ ಗದ್ದವಿಟ್ಟು ಕಾಯೋದು. ಸೂತಕದ ಮನೆಯಲ್ಲಿ ಹಸುವಿಗೆ ಹಾಕೋ ನೆನಪು ಯಾರಿಗೆ? ಮಾವ ಊಟ ಬಿಟ್ಟರು, ಹತ್ತಿಕಡ್ಡಿ ಮಾತ್ರ ಬಿಡಲಿಲ್ಲ. "ಅಣ್ಣಂದು ಎಂಥಾ ಕಲ್ಲು ಮನಸ್ಸೋ" ಅಂತ ಅಮ್ಮ ಗೊಣಗಿದ್ದಳು.

ಮಾಸಿಕದ ಆ ಮಧ್ಯಾಹ್ನ ಮಾವನ ಫೋನ್ ಬಡಕೊಂಡಿತು. ಶಿಷ್ಯೆಯ ದನಿ ನಮಗೂ ಕೇಳಿಸುವಷ್ಟು ಜೋರಾಗಿತ್ತು.

"ಸಾರ್, ಈ ಸಲ ಪಕ್ಕಾ ಸಾರ್! ನೀವು ಹೇಳಿದ್ದಕ್ಕೂ ಮೀಟರ್ ತೋರಿಸಿದ್ದಕ್ಕೂ ಒಂಚೂರೂ ವ್ಯತ್ಯಾಸ ಇಲ್ಲ!"

ಮಾವ ಫೋನ್ ಕೆಳಗಿಟ್ಟರು.

"ಲೆಕ್ಕ ಸರಿಹೋಯ್ತಂತೆ ಕಣೋ."

ಖುಷಿಪಡಬೇಕೋ ಬೇಡವೋ ನನಗೆ ತಿಳಿಯಲಿಲ್ಲ. "ಈ ತಿಂಗಳು ಗೌರಿಗೆ ಯಾರೂ ಏನೂ ಹಾಕಿಲ್ಲ, ಅದಕ್ಕೆ" ಅಂದರು ಮಾವ. ಹೆಗಲ ಮೇಲಿನ ಟವೆಲನ್ನು ಮುಖಕ್ಕೆ ಒತ್ತಿಕೊಂಡರು. ಅಮ್ಮ ಎದ್ದು ಹೋಗಿ ಅವರ ಪಕ್ಕ ಕೂತಳು.

ಮಾರನೆಯ ಬೆಳಿಗ್ಗೆ ಗೌರಿ ಬಂತು. ಮಾವ ಮೀಟರ್ ಒಳಗೇ ಬಿಟ್ಟು ಗೇಟಿಗೆ ಹೋದರು. ಮಾಸಿಕಕ್ಕೆ ತಂದು ಉಳಿದಿದ್ದ ಒಂದಿಡೀ ಚಿಪ್ಪು ಬಾಳೆಹಣ್ಣನ್ನು ಒಂದೊಂದೇ ಕಿತ್ತು ತಿನ್ನಿಸಿ ಬಂದರು.