ರಾಕ್ ಬ್ಯಾಂಡಿಗೆ ನಾನು ಮ್ಯಾನೇಜರ್ ಆದದ್ದು

ಇಷ್ಟು ಪ್ರತಿಭೆ ಇದ್ದೂ ಕೆಲವು ರಾಕ್ ಬ್ಯಾಂಡುಗಳು ಯಾಕೆ ಮುಂದೆ ಬರುವುದಿಲ್ಲ? ಉತ್ತರ ನನಗೆ ಚೆನ್ನಾಗಿ ಗೊತ್ತಿತ್ತು. ಒಳ್ಳೆಯ ಮ್ಯಾನೇಜರ್ ಇರುವುದಿಲ್ಲ! ಆದ್ದರಿಂದ ಇಳಕಲ್ಲಿನ ನಮ್ಮ ಓಣಿಯ ಬ್ಯಾಂಡಿಗೆ ನಾನೇ ಮ್ಯಾನೇಜರ್ ಆದೆ. ಹೈಸ್ಕೂಲಿನ ಕನ್ನಡ ಮಾಸ್ತರನಾದ ನನಗೆ ಗಿಟಾರಿಗೆ ಎಷ್ಟು ತಂತಿ ಎಂಬುದೂ ತಿಳಿದಿರಲಿಲ್ಲ. ಆದರೆ ಕಾರ್ಯಕ್ರಮ ನಡೆಸುವುದು ತಿಳಿದಿತ್ತಲ್ಲ!

ಬ್ಯಾಂಡಿನವರು ಮಾತ್ರ ಅಸಾಧ್ಯರು. ಸೀರೆ ನೇಯುವ ಬಸು ಗಿಟಾರ್ ಹಿಡಿದು ಹಾಡಿದರೆ ಮೈ ಜುಮ್ಮೆನ್ನುತ್ತಿತ್ತು. ನರ್ಸ್ ಕಸ್ತೂರಿ ಡ್ರಮ್ ಬಾರಿಸಿದರೆ ನಮ್ಮ ಅಡುಗೆಮನೆಯ ತಾಟುಗಳೂ ತಾಳ ಹಾಕುತ್ತಿದ್ದವು. ಹಗಲೆಲ್ಲ ದುಡಿದು, ಸಂಜೆ ಮಗ್ಗದ ಕೋಣೆಯಲ್ಲಿ ಅಭ್ಯಾಸ ಮಾಡುತ್ತಿದ್ದರು.

ಕೊನೆಗೂ ಬೆಂಗಳೂರಿನ ಸಂಗೀತ ಕಂಪನಿಯವರೊಬ್ಬರು ಬಾಗಲಕೋಟೆಗೆ ಬಂದು ಇವರನ್ನು ಕೇಳಲು ಒಪ್ಪಿದರು. ಮೆಚ್ಚಿದರೆ ರೆಕಾರ್ಡಿಂಗ್! ಆದರೆ ಅವರು ಸಂಜೆಯ ರೈಲಿಗೇ ಹಿಂತಿರುಗಬೇಕಿತ್ತು.

"ಸರ, ಸೀದಾ ಹಾಡು ಶುರು ಮಾಡೂಣ್ರಿ," ಎಂದ ಬಸು.

"ಲೇ ಹುಚ್ಚಪ್ಪ, ಸನ್ಮಾನ ಇಲ್ಲದ ಕಾರ್ಯಕ್ರಮ ಎಲ್ಲರೆ ಐತೇನು? ನಮ್ಮ ಊರಿನ ಮರ್ಯಾದಿ ಏನಾಗಬೇಕು?"

ಸನ್ಮಾನ ಶುರುವಾಯಿತು. ಅತಿಥಿಗೆ ಶಾಲು, ಹಾರ. ಸಭಾಭವನ ಕೊಟ್ಟವರನ್ನು ಬಿಟ್ಟರೆ ಅವರಿಗೆ ಸಿಟ್ಟು. ಆಮೇಲೆ ಮೈಕಿನವರು. ಆಮೇಲೆ ಮೈಕಿನವರ ಬೀಗರು! ಶಾಲುಗಳು ತೀರಿಹೋದಾಗ ಅತಿಥಿಯ ಶಾಲನ್ನೇ ಇಸಿದುಕೊಂಡು ಬೀಗರಿಗೆ ಹೊದಿಸಿದೆ.

ಆಮೇಲೆ ನನ್ನ ಎರಡು ಮಾತು. ವಿಷಯ: ಪ್ರತಿಭಾವಂತ ಬ್ಯಾಂಡುಗಳು ಯಾಕೆ ಮುಂದೆ ಬರುವುದಿಲ್ಲ? ಮುಂದಿನ ಸಾಲಿನಿಂದ ಹೆಂಡತಿ ಶಾರದಾ ಕೈಸನ್ನೆ ಮಾಡುತ್ತಲೇ ಇದ್ದಳು. ಭಾಷಣ ಮೆಚ್ಚಿದ್ದಾಳೆಂದು ಇನ್ನಷ್ಟು ಹುರುಪಾದೆ. "ಇವರಿಗೆ ಬೇಕಾದದ್ದು ಕೇಳುವ ಒಂದು ಕಿವಿ!" ಎಂದು ಗುಡುಗಿ ಅತಿಥಿಯತ್ತ ತಿರುಗಿದೆ.

ಕುರ್ಚಿಯ ಮೇಲೆ ಹಾರವಿತ್ತು. ಅತಿಥಿ ಇರಲಿಲ್ಲ!

"ಸರ, ಅವರು ಹೋಗಿ ಭಾಳ ಹೊತ್ತಾತ್ರಿ," ಎಂದಳು ಕಸ್ತೂರಿ. ಅವಳ ಕಣ್ಣು ತುಂಬಿತ್ತು. ಅಷ್ಟು ದಿನದ ಅವರ ಶ್ರಮವನ್ನು ನಾನು ಮಾತಾಡಿಯೇ ಮಣ್ಣುಗೂಡಿಸಿದ್ದೆ.

ಆದರೂ ಅವರು ಖಾಲಿ ಕುರ್ಚಿಯ ಮುಂದೆಯೇ ನುಡಿಸಿದರು. ಆಹಾ, ಏನು ನುಡಿಸಿದರು! ಬೀಗರು ಎದ್ದು ನಿಂತು ಶಾಲು ಬೀಸಿದರು.

ಮರುದಿನ ಅತಿಥಿಗೆ ಫೋನ್ ಮಾಡಿ ಕ್ಷಮೆ ಕೇಳಿದೆ. ಪುಣ್ಯಾತ್ಮರು, ಇನ್ನೊಮ್ಮೆ ಬರಲು ಒಪ್ಪಿದರು! ಒಂದು ಷರತ್ತು ಇದೆ, ಅದನ್ನು ಬಸುವಿಗೇ ಹೇಳುತ್ತೇನೆ ಎಂದರು.

ಮುಂದಿನ ಭಾನುವಾರ ಬ್ಯಾಂಡಿನವರು ನಮ್ಮಿಬ್ಬರನ್ನೂ ಮಗ್ಗದ ಕೋಣೆಗೆ ಕರೆಸಿ ನನಗೇ ಶಾಲು ಹೊದಿಸಿ, ಹಾರ ಹಾಕಿದರು. ನಾನು ಉಬ್ಬಿಹೋದೆ.

"ನೋಡಿದೇನ ಶಾರದಾ, ಮ್ಯಾನೇಜರಗ ಎಷ್ಟು ಕಿಮ್ಮತ್ತು ಐತಿ!"

"ಅಯ್ಯ, ಇದು ಬೀಳ್ಕೊಡುಗಿ ರೀ! ನೀವು ಮೈಕ್ ಮುಟ್ಟಲಿಲ್ಲಂದ್ರ ಅಷ್ಟ ಆ ಬೆಂಗಳೂರಿನವರು ಬರ್ತಾರಂತ."

ಹಾರ ತೆಗೆದು ಕೈಯಲ್ಲಿ ಹಿಡಿದೆ. ಆದರೂ ಸನ್ಮಾನ ಮಾಡಿದ ಮೇಲೆ ಉತ್ತರ ಕೊಡದೆ ಕೂರಲಾಗುತ್ತದೆಯೇ? ಎರಡೇ ಮಾತು ಹೇಳೋಣವೆಂದು ಎದ್ದೆ.

ಕಸ್ತೂರಿ ಡ್ರಮ್ ಶುರು ಮಾಡಿದಳು. ಏನು ಬಾರಿಸಿದಳು ಅಂತೀರಿ! ನಾನೇ ಮೊದಲು ಚಪ್ಪಾಳೆ ತಟ್ಟಿ ಕುಳಿತುಬಿಟ್ಟೆ.